ಎಡಕ್ಕೆ ವಾಲಿದ ಬತ್ತಿ

ದಾವಣಗೆರೆ
ಡಿಸೆಂಬರ್ 17

ಪುಟ್ಟಿ,

ಭಾನುವಾರ ಫೋನಿನಲ್ಲಿ ಯಾರು ಏನಂದೆವು ಅಂತ ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಅಡುಗೆಮನೆಯಲ್ಲಿದ್ದ ನಿಮ್ಮಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ಮೂರು ದಿನದಿಂದ ನನ್ನ ಹತ್ತಿರ "ಊಟಕ್ಕೆ ಬನ್ನಿ" ಬಿಟ್ಟು ಬೇರೆ ಮಾತಿಲ್ಲ. ಮತ್ತೆ ಫೋನ್ ಮಾಡಿದರೆ ಮತ್ತೆ ದನಿ ಏರುತ್ತೆ. ಅದಕ್ಕೇ ಈ ಕಾಗದ.

ಈ ಸಲವೂ ಸಂಕ್ರಾಂತಿಗೆ ಬರಲ್ಲ ಅಂದಾಗ ಬೇಜಾರಾಯಿತು. ಇದು ಮೂರನೇ ವರ್ಷ. ಆದರೆ ಅದನ್ನು ಹೇಗೋ ನುಂಗಿಕೊಂಡಿದ್ದೆ. ನಾನು ಕೂಗಾಡಿದ್ದು ನೀನು ಸ್ವೀಡನ್ನಿನಿಂದ ಕಳಿಸಿದ ಲೂಸಿಯಾ ಹಬ್ಬದ ಫೋಟೋ ನೋಡಿ. ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆ ಮೇಲೆ ಕಿರೀಟ, ಕಿರೀಟದ ತುಂಬ ಉರಿಯುವ ಮೇಣದಬತ್ತಿ. "ಅದು ಅವರ ಹಬ್ಬ, ನಿನಗ್ಯಾಕೆ ಬೇಕಿತ್ತು" ಅಂತ ಬಾಯಿಗೆ ಬಂತು. ಅಂದುಬಿಟ್ಟೆ. ಬ್ಯಾಟರಿ ದೀಪವೋ ನಿಜದ ಬೆಂಕಿಯೋ ಅಂತ ಕೇಳಬೇಕಿತ್ತು, ಕೇಳುವಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಒಂದು ಬತ್ತಿ ಸ್ವಲ್ಪ ವಾಲಿದೆ, ಅದರ ಉರಿಯೂ ವಾಲಿದೆ. ಬ್ಯಾಟರಿ ದೀಪದ ಉರಿ ವಾಲುವುದಿಲ್ಲ ಪುಟ್ಟಿ.

1999ರ ಕಾರ್ತಿಕದ ಕೊನೆ ಸೋಮವಾರ. ನಿನಗೆ ಐದು ವರ್ಷ. ನಮ್ಮ ಓಣಿ ಗುಡಿಯ ಅಂಗಳದ ತುಂಬ ಹಣತೆ. ನಿನಗೆ ಹಸಿರು ಲಂಗ, ಅಮ್ಮ ಅಂಚು ಬಿಚ್ಚಿ ಉದ್ದ ಮಾಡಿದ್ದಳು, ನೆಲ ಗುಡಿಸುತ್ತಿತ್ತು. ನನ್ನ ಎರಡೂ ಕೈಯಲ್ಲಿ ಹಣ್ಣು-ಕಾಯಿ ಬುಟ್ಟಿ. ನಿನಗೆ "ನನ್ನ ಅಂಗಿ ಹಿಡ್ಕೋ" ಅಂದಿದ್ದೆ. ನೀನು ಹಿಡಿದಿದ್ದೆ ಕೂಡ. ಯಾರೋ ಸಿಕ್ಕರು, ಭತ್ತದ ರೇಟಿನ ಮಾತು ಬಂತು. ಅಂಗಿ ಎಳೆಯುವುದು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ.

ನೀನು ಇದನ್ನು ಗೆಳತಿಯರಿಗೆ ತಮಾಷೆ ಕಥೆ ಥರ ಹೇಳುತ್ತೀಯ. "ನಮ್ಮಪ್ಪ ಕಾಯಿ ಎಸೆದು ಬೆಂಕಿ ಆರಿಸಿದ" ಅಂತ. ಕಾಯಿ ಎಸೆಯಲಿಲ್ಲ, ಬುಟ್ಟಿ ಬಿತ್ತು. ಕೈಯಿಂದ ತಟ್ಟಿ ತಟ್ಟಿ ಆರಿಸಿದೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಜೊತೆ ಇದ್ದ ಕೈ ಅಲ್ವಾ, ಆಗ ಏನೂ ಅನ್ನಿಸಲಿಲ್ಲ. ರಾತ್ರಿ ಉಣ್ಣೋಕೆ ಕೂತಾಗ ಅಂಗೈ ಸುಲಿದದ್ದು ಕಂಡಿತು. ನಿನ್ನ ಎಡಗಾಲಿನ ಮೀನಖಂಡದ ಮೇಲೆ ಅವರೆಕಾಳಿನಷ್ಟು ಕಲೆ ಉಳಿಯಿತು. ನಮ್ಮ ಭಟ್ಟಿ ಸಾಹುಕಾರರು ಅವತ್ತೇ ಆಟೋ ತಂದು ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅದೇ ವಾರ ಅವರಿಗೆ ರಂಜಾನ್ ಉಪವಾಸ ಶುರುವಾಯಿತು. ಆ ವರ್ಷ ಅವರ ಹಬ್ಬ ಆಗಿ ವಾರಕ್ಕೇ ನಮ್ಮ ಸಂಕ್ರಾಂತಿ. ಅವರ ಮನೆಯ ಸುರಕುಂಬಾ ತಿಂದ ಬಾಯಿಗೆ ಎಳ್ಳು-ಬೆಲ್ಲ ಬಿತ್ತು. ರಂಜಾನ್ ವರ್ಷಕ್ಕೆ ಹನ್ನೊಂದು ದಿನದ ಹಾಗೆ ಹಿಂದೆ ಜರುಗುತ್ತದಲ್ಲ, ಮತ್ತೆ ಅಷ್ಟು ಹತ್ತಿರ ಬರಲು 2032ರ ಹೊತ್ತಾಗುತ್ತೆ ಅಂತ ಸಾಹುಕಾರರು ಮೊನ್ನೆ ಲೆಕ್ಕ ಹೇಳಿದರು.

ಏನೋ ಹೇಳಲು ಹೋಗಿ ಎಲ್ಲಿಗೋ ಬಂದೆ.

ಭಾನುವಾರ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ನಿಮ್ಮ ಲೂಸಿಯಾ ಬಗ್ಗೆ ಓದಿದೆ. ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನ ಹುಡುಗಿಯಂತೆ. ಸಾವಿರದ ಏಳುನೂರು ವರ್ಷದ ಹಿಂದಿನ ಮಾತು. ನೆಲದಡಿ ಅಡಗಿದ್ದವರಿಗೆ ಕತ್ತಲಲ್ಲಿ ಊಟ ಒಯ್ಯುತ್ತಿದ್ದಳಂತೆ. ಎರಡೂ ಕೈ ತುಂಬ ಊಟ, ಅದಕ್ಕೆ ದೀಪ ತಲೆ ಮೇಲೆ. ಇದನ್ನು ಓದಿ ಫೋನ್ ಮುಚ್ಚಿಟ್ಟೆ. ಮತ್ತೆ ತೆಗೆದೆ. ಹಳೇ ಕ್ಯಾಲೆಂಡರಿನಲ್ಲಿ ಅವಳ ದಿನದ ರಾತ್ರಿಯೇ ವರ್ಷದ ಅತಿ ಉದ್ದದ ರಾತ್ರಿ ಅಂತ ನಂಬಿದ್ದರು. 1753ರಲ್ಲಿ ಸ್ವೀಡನ್ ಕ್ಯಾಲೆಂಡರ್ ಬದಲಾಯಿಸಿತು. ಉದ್ದದ ರಾತ್ರಿ 21ನೇ ತಾರೀಖಿನ ಆಸುಪಾಸಿಗೆ ಹೋಯಿತು, ಲೂಸಿಯಾ ಮಾತ್ರ 13ಕ್ಕೇ ಉಳಿದಳು.

ಬೆಳಗ್ಗೆ ವಾಕಿಂಗಿನಲ್ಲಿ ಕುಂದುವಾಡ ಕೆರೆ ಏರಿ ಮೇಲೆ ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು, "ನಿಮ್ಮ ಸಂಕ್ರಾಂತಿ ಏನು ಕಮ್ಮಿನಾ?" ಅಂದರು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಮಕರ ರಾಶಿಗೆ ಬರುವುದು ಜನವರಿ 14-15ಕ್ಕೆ. ಒಂದು ಕಾಲದಲ್ಲಿ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿ ಬುಗುರಿ ಹಾಗೆ ನಿಧಾನಕ್ಕೆ ತಲೆ ತಿರುಗಿಸುತ್ತೆ, ಅದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೀಳುತ್ತಾ ಹೋಯಿತು. ಪ್ರತಿ ಸಂಕ್ರಾಂತಿಗೆ "ಇವತ್ತಿಂದ ಉತ್ತರಾಯಣ" ಅಂತ ನಿನಗೆ ಪಾಠ ಹೇಳಿದವನು ನಾನು. ಮೂರು ವಾರ ತಡವಾಗಿ ಹೇಳುತ್ತಿದ್ದೆ ಅನ್ನು.

ಹೋದ ವರ್ಷ ನೀನು ಹೇಳಿದ್ದೂ ಆಗ ನೆನಪಾಯಿತು. ಸುಮ್ನೆ ಹೂಂ ಹೂಂ ಅಂದಿದ್ದೆ. ನಿನ್ನ ಇರಾನಿನ ಗೆಳತಿ ಆ ಉದ್ದದ ರಾತ್ರಿ ದಾಳಿಂಬೆ, ಕಲ್ಲಂಗಡಿ ಇಟ್ಟು, ಹಾಫಿಜ್‌ನ ಪದ್ಯ ಓದುತ್ತಾ ಎಲ್ಲರನ್ನೂ ಎಚ್ಚರ ಇಟ್ಟಳು ಅಂದಿದ್ದೆ. ಯಲ್ದಾ ಅಂತ ಹೆಸರು, ಅಲ್ವಾ? ಚೀನಾದ ಹುಡುಗಿ ಅದೇ ವಾರ ಅಕ್ಕಿಹಿಟ್ಟಿನ ಉಂಡೆ ಬೇಯಿಸಿದ್ದಳು, ಒಳಗೆ ಕರಿ ಎಳ್ಳಿನ ಹೂರಣ. "ಅಪ್ಪಾ, ಎಳ್ಳು!" ಅಂತ ನೀನು ಕಿರುಚಿದ್ದೆ. ನಾನು ಟಿವಿ ನೋಡುತ್ತಿದ್ದೆ. ತಪ್ಪಾಯಿತು. ಮೊನ್ನೆಯದಕ್ಕೂ ಸೇರಿಸಿ ಹೇಳುತ್ತಿದ್ದೇನೆ, ಎರಡೆರಡು ಸಲ ಹೇಳಿಸಬೇಡ.

ಮಧ್ಯಾಹ್ನ ಮೂರಕ್ಕೆ ಮೊದಲೇ ಕತ್ತಲಾಗುವ ಊರಿನಲ್ಲಿ ದೀಪ ಬೇಡ ಅನ್ನಲು ನಾನ್ಯಾರು? ಇಲ್ಲಿ ಎಷ್ಟೇ ಚಳಿಗಾಲ ಅಂದರೂ ಹನ್ನೊಂದು ಗಂಟೆಗೂ ಜಾಸ್ತಿ ಬೆಳಕಿರುತ್ತೆ. ಬಿಸಿಲು ನಮಗೆ ಬಿಟ್ಟಿ ಸಿಕ್ಕಿದೆ.

ಆದರೂ ಒಂದು ಮಾತು. ಬೈಯುತ್ತಿಲ್ಲ, ಹೇಳುತ್ತಿದ್ದೇನೆ. ಕಿರೀಟದ ಕೆಳಗೆ ಒದ್ದೆ ಬಟ್ಟೆ ಹಾಕಿಕೊಳ್ಳುವ ಪದ್ಧತಿ ಅಲ್ಲಿಯೇ ಇದೆಯಂತೆ. ಫೋಟೋದಲ್ಲಿ ನನಗೆ ಬಟ್ಟೆ ಕಾಣಲಿಲ್ಲ. ಹಾಕಿಕೊಂಡಿದ್ದೆಯಾ? ಕೂದಲು ಯಾಕೆ ಬಿಟ್ಟುಕೊಂಡಿದ್ದೆ? ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟಿದ್ದರಾ? ಕರಗಿದ ಮೇಣ ತಲೆಗೆ ಬಿದ್ದರೆ ಅಂಟಿಕೊಳ್ಳುತ್ತೆ, ಕೀಳಬಾರದು, ತಣ್ಣೀರು ಹಾಕಬೇಕು. ಬಟ್ಟೆಗೆ ಹತ್ತಿದರೆ ಓಡಬಾರದು, ಓಡಿದರೆ ಗಾಳಿಗೆ ಜಾಸ್ತಿಯಾಗುತ್ತೆ, ನೆಲಕ್ಕೆ ಬಿದ್ದು ಉರುಳಬೇಕು. ಮೂವತ್ತು ವರ್ಷ ಭಟ್ಟಿ ಮುಂದೆ ಕೂತವನು ಹೇಳುತ್ತಿದ್ದೇನೆ, ಬೆಂಕಿ ಪರಿಚಯ ಇದ್ದವರನ್ನೇ ಮೊದಲು ಹಿಡಿಯುತ್ತೆ. ಅವತ್ತು ನೀನು ಓಡಿದ್ದೆ. ಗುಡಿ ಬಾಗಿಲ ಕಡೆಗೆ ಓಡಿದ್ದೆ, ನನ್ನ ಕಡೆಗಲ್ಲ. ಇಪ್ಪತ್ತಾರು ವರ್ಷದಿಂದ ಅದೊಂದು ನನಗೆ ಅರ್ಥವಾಗಿಲ್ಲ. ಅಪ್ಪ ಎಲ್ಲಿದ್ದಾನೆ ಅಂತ ನಿನಗೆ ಕಾಣಲಿಲ್ಲವೇನೋ. ನಾನು ಬೆನ್ನು ಮಾಡಿ ನಿಂತಿದ್ದೆನಲ್ಲ.

ಸಾಕು. ನಿಮ್ಮಮ್ಮ "ಮುಗೀತಾ ನಿಮ್ಮ ಪುರಾಣ" ಅನ್ನುತ್ತಿದ್ದಾಳೆ. ಅಂತೂ ಒಂದು ಮಾತಾಡಿದಳು.

ಫೋಟೋ ಭಟ್ಟಿಯಲ್ಲಿ ಎಲ್ಲರಿಗೂ ತೋರಿಸಿದೆ. ಇಷ್ಟು ಬೈದು ಮತ್ತೆ ತೋರಿಸಿದೆಯಾ ಅಂತ ಕೇಳಬೇಡ. ಅಷ್ಟು ಜನರಲ್ಲಿ ನಿನ್ನನ್ನೇ ಆರಿಸಿ ಮುಂದೆ ನಿಲ್ಲಿಸಿದರಂತೆ, ಅವರ ಭಾಷೆಯಲ್ಲೇ ಹಾಡಿದಳಂತೆ ಅಂತ ನಾನೇ ಕತೆ ಶುರು ಮಾಡಿದೆ. ಸಾಹುಕಾರರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಕಾಲಿನ ಕಲೆ ಈಗ ಹೆಂಗಿದೆ?" ಅಂತ ಕೇಳಿದರು. ಬೇರೇನೂ ಅನ್ನಲಿಲ್ಲ.

ಪಕ್ಕದ ಬೀದಿಯ ಹುಡುಗ ಜನವರಿ 3ಕ್ಕೆ ನಿಮ್ಮ ಕಡೆ ಹೊರಟಿದ್ದಾನೆ. ಅವನ ಕೈಲಿ ಇದನ್ನೂ ಎಳ್ಳು-ಬೆಲ್ಲವನ್ನೂ ಕಳಿಸುತ್ತೇವೆ. ಕೊಬ್ಬರಿ ಈ ಸಲ ನಾನು ಹೆಚ್ಚಿದ್ದು, ಒಂದೇ ಅಳತೆಗೆ ಬಂದಿಲ್ಲ, ಅಮ್ಮನ ಹತ್ತಿರ ಆಗಲೇ ಬೈಸಿಕೊಂಡಿದ್ದೇನೆ. ಮೂರು ಪೊಟ್ಟಣ ಇವೆ. ಇರಾನಿನ ಹುಡುಗಿಗೆ ಒಂದು, ಚೀನಾದ ಹುಡುಗಿಗೆ ಒಂದು. ಕೊಡುವಾಗ "ಒಳ್ಳೆ ಮಾತಾಡು" ಅಂತ ಹೇಳಿ ಕೊಡು. ಮಂಡಕ್ಕಿಯನ್ನೂ ಕಳಿಸೋಣ ಅಂದೆ, ತೂಕ ಇಲ್ಲದಿದ್ದರೂ ಬ್ಯಾಗ್ ತುಂಬುತ್ತೆ ಅಂತ ಆ ಹುಡುಗ ಮುಖ ಹುಳಿ ಮಾಡಿದ.

ಸಂಕ್ರಾಂತಿ ದಿನ ನಿನ್ನಲ್ಲಿ ಕತ್ತಲಾಗುವ ಹೊತ್ತಿಗೆ ಫೋನ್ ಮಾಡು. ನಮಗೆ ಆಗ ಎಂಟು ಗಂಟೆ, ಊಟ ಮುಗಿಸಿ ಕೂತಿರುತ್ತೇವೆ. ನಾನೇ ಎತ್ತುತ್ತೇನೆ. ದೀಪ ಹಚ್ಚುವುದಿದ್ದರೆ ಕೂದಲು ಕಟ್ಟಿಕೊಂಡು ಹಚ್ಚು.

ಅಪ್ಪ