ಅದು ಹದಿಮೂರು ಮಂದಿಯ ರಗ್ಬಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಹಳೆಯ ರಗ್ಬಿ ಆಟಗಾರ ಬಿಲ್ಲಿ ಬೋಸ್ಟನ್ ಅವರಿಗೆ ತೊಂಬತ್ತನೇ ವಯಸ್ಸಿನಲ್ಲಿ ನೈಟ್ ಪದವಿ (‘ಸರ್’ ಬಿರುದು) ಬಂದ ಸುದ್ದಿಯನ್ನು ನಿಮ್ಮ ಕ್ರೀಡಾಪುಟ ನಾಲ್ಕು ಸಾಲಿನಲ್ಲಾದರೂ ಹಾಕಿತು. ಕನ್ನಡ ಪತ್ರಿಕೆಯಲ್ಲಿ ಆ ಹೆಸರು ಕಂಡು ಚಹಾದ ಕಪ್ಪು ಕೆಳಗಿಟ್ಟೆ. ಆದರೆ ಪಕ್ಕದ ಚೌಕದಲ್ಲಿ ‘ರಗ್ಬಿ: ತಂಡಕ್ಕೆ 15 ಆಟಗಾರರು’ ಎಂದು ವಿವರಣೆ ಕೊಟ್ಟಿದ್ದೀರಿ. ಅವರು ಹೆಸರು ಮಾಡಿದ್ದು 13 ಮಂದಿಯ ರಗ್ಬಿ ಲೀಗ್‌ನಲ್ಲಿ. “ಇಬ್ಬರ ಫರಕಿಗೆ ಪತ್ರ ಬರೀತೀರೇನ್ರಿ?” ಎಂದು ನಮ್ಮ ಮನೆಯವರು ನಕ್ಕರು. ಆ ಇಬ್ಬರ ಫರಕಿನ ಹಿಂದೆ ನೂರಾ ಮೂವತ್ತು ವರ್ಷದ ಜಗಳವಿದೆ.

1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಬೇರೆ ಮನೆ ಮಾಡಿದವು. ಕಾರಣ ಕೂಲಿ. ಗಣಿ, ಗಿರಣಿಗಳ ಹುಡುಗರು ಶನಿವಾರ ಆಟಕ್ಕೆ ಬಂದರೆ ಅಷ್ಟು ಹೊತ್ತಿನ ಪಗಾರ ಹೋಗುತ್ತಿತ್ತು. ಅದನ್ನು ಕ್ಲಬ್ ತುಂಬಿಕೊಡಲಿ ಎಂದರೆ, ಆಟಕ್ಕೆ ಹಣ ಮುಟ್ಟುವುದೇ ಮೈಲಿಗೆ ಎಂದರು ಲಂಡನ್ನಿನ ಹಿರಿಯರು. ಆಮೇಲೆ ಲೀಗ್ ಆಡಿದವನಿಗೆ ಯೂನಿಯನ್‌ನ, ಅಂದರೆ 15 ಮಂದಿಯ ರಗ್ಬಿಯ, ಬಾಗಿಲು 1995ರವರೆಗೂ ಮುಚ್ಚಿದಂತೆಯೇ ಇತ್ತು. ಲೀಗ್ ಆಟಗಾರನೊಬ್ಬನಿಗೆ ನೈಟ್ ಪದವಿ ಬಂದದ್ದು ಇದೇ ಮೊದಲು.

ನಾನು 1976ರಿಂದ ಆರು ವರ್ಷ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್‌ನಲ್ಲಿ ಮೂಳೆ ವೈದ್ಯನಾಗಿದ್ದೆ. ಕಾರ್ಪೆಟ್ ಗಿರಣಿ, ಟಾಫಿ ಕಾರ್ಖಾನೆಗಳ ಊರು. ಸೊಟ್ಟ ಮೂಗು ಕಂಡರೆ “ಲೀಗ್?” ಎಂದು ಕೇಳುವುದು ನನಗೂ ರೂಢಿಯಾಗಿತ್ತು. ಸೊಂಟದ ಕೀಲು ಬದಲಿಸಿಕೊಂಡು ಮಲಗಿದ್ದ ಒಬ್ಬ ಗಿರಣಿ ಕಾರ್ಮಿಕರು ಆಡಿದವರಲ್ಲ, ಬರೀ ನೋಡಿದವರು. ಅವರ ಬಾಯಲ್ಲಿ 1953–54ರ ಋತು ಇನ್ನೂ ಮುಗಿದಿರಲಿಲ್ಲ.

ಆ ವರ್ಷ ಲೀಗ್ ಪಟ್ಟಿಯಲ್ಲಿ ಹ್ಯಾಲಿಫ್ಯಾಕ್ಸ್ ಮೊದಲು, ವಾರಿಂಗ್ಟನ್ ಎರಡನೆಯದು. ಏಪ್ರಿಲ್ 24ರಂದು ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್: 4–4. ಒಂದೂ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ಊರುವುದು) ಇಲ್ಲ, ಎರಡೂ ಕಡೆ ಕಂಬಗಳ ನಡುವೆ ಒದ್ದ ಎರಡೆರಡು ಗೋಲು. ಲೀಗ್‌ನಲ್ಲಿ ಹಿಡಿಸಿಕೊಂಡು ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಿನವನಿಗೆ ಉರುಳಿಸುತ್ತಾನೆ, ಮತ್ತೆ ಓಟ. ಇಷ್ಟೇ ಸಲ ಎಂಬ ಮಿತಿ ಬಂದದ್ದು 1966ರಲ್ಲಿ. ಅಲ್ಲಿಯವರೆಗೆ ಗಟ್ಟಿ ತಂಡವೊಂದು ಚೆಂಡು ಹಿಡಿದು ಕೂತರೆ ಎದುರಿನವರು ಕಾಯಬೇಕಷ್ಟೆ. ಹುತುತು ಆಡಿ ಬೆಳೆದ ನನಗೆ ಆ ಕೆಡವುವುದು, ಹಿಂದೆ ಸರಿದು ಸಾಲುಗಟ್ಟುವುದು ಬೇಗ ಅರ್ಥವಾಯಿತು.

ಮರುಪಂದ್ಯ ಮೇ 5, ಬುಧವಾರ ಸಂಜೆ, ಬ್ರಾಡ್‌ಫರ್ಡ್‌ನ ಆಡ್ಸಲ್‌ನಲ್ಲಿ. ಆಡ್ಸಲ್ ಅಂದರೆ ದೊಡ್ಡ ಹೊಂಡ. ಊರಿನ ಕಸ ಸುರಿದು ಸುತ್ತಲಿನ ದಿಬ್ಬ ಎಬ್ಬಿಸಿದ್ದರು. ಆಟಗಾರರು ಮೇಲಿನ ಕೋಣೆಗಳಿಂದ ಜನರ ನಡುವೆ ಮೆಟ್ಟಿಲಿಳಿದು ಬರಬೇಕು. ಅಂದು ಲೆಕ್ಕಕ್ಕೆ ಸಿಕ್ಕವರು 1,02,569 ಮಂದಿ, ಬೇಲಿ ಮುರಿದು ನುಗ್ಗಿದವರು ಬೇರೆ. 1999ರಲ್ಲಿ ಸಿಡ್ನಿಯಲ್ಲಿ ಮುರಿಯುವವರೆಗೆ ಲೀಗ್‌ನ ದಾಖಲೆ ಅದೇ. ನಮ್ಮ ರೋಗಿ ಪಾಳಿ ಮುಗಿಸಿ ಬಸ್ಸು ಹತ್ತಿದರು, ರಸ್ತೆ ಕಟ್ಟಿಕೊಂಡಿತು, ಇಳಿದು ನಡೆದರು. ತಲುಪುವಾಗ ಆಟ ಶುರುವಾಗಿತ್ತು. ಕಂಡದ್ದು ಹೆಚ್ಚಾಗಿ ಮುಂದಿನವರ ಟೋಪಿ.

ಚಾಲಿನರ್ ಒಂದು, ಹೆಲ್ಮ್ ಒಂದು ಟ್ರೈ ಹೊಡೆದು (ಆಗ ಟ್ರೈಗೆ ಮೂರೇ ಅಂಕ) ವಾರಿಂಗ್ಟನ್ 8–4ರಲ್ಲಿ ಗೆದ್ದಿತು. ಹ್ಯಾಲಿಫ್ಯಾಕ್ಸ್‌ನ ಟ್ರೈ ರೆಫರಿ ಒಪ್ಪಲಿಲ್ಲವೆಂಬ ಸಿಟ್ಟು ನಮ್ಮ ರೋಗಿಗೆ ಇಪ್ಪತ್ತು ವರ್ಷ ದಾಟಿದರೂ ಆರಿರಲಿಲ್ಲ. ಊರುಗೋಲಿನ ತುದಿಯಿಂದ ಹೊದಿಕೆಯ ಮೇಲೆ ಗೆರೆ ಎಳೆದು, “ಚೆಂಡು ಊರಿದ್ದು ಇಲ್ಲಿ ಡಾಕ್ಟರೇ, ಗೆರೆಯ ಆಚೆ!” ಎನ್ನುತ್ತಿದ್ದರು. ಟೋಪಿಗಳ ಸಂದಿಯಿಂದ ಅದು ಹೇಗೆ ಕಂಡಿತೋ, ನಾನು ಕೇಳಲು ಹೋಗಲಿಲ್ಲ. ಮೂರೇ ದಿನಕ್ಕೆ ಮ್ಯಾಂಚೆಸ್ಟರಿನ ಮೇನ್ ರೋಡ್‌ನಲ್ಲಿ ಚಾಂಪಿಯನ್‌ಶಿಪ್ ಫೈನಲ್, ಮತ್ತೆ ಅದೇ ವಾರಿಂಗ್ಟನ್, 8–7. ಮೂರು ಆಟ ಸೇರಿಸಿದರೂ ಅಂತರ ಐದೇ ಅಂಕ, ಕಪ್ಪು ಎರಡೂ ಹೋದವು.

ವಾರಿಂಗ್ಟನ್‌ನ ಬ್ರಯನ್ ಬೆವನ್ ಬಗ್ಗೆ ಮಾತ್ರ ಅವರಿಗೆ ದ್ವೇಷವಿರಲಿಲ್ಲ. ಯುದ್ಧಕಾಲದಲ್ಲಿ ಆಸ್ಟ್ರೇಲಿಯಾ ನೌಕಾಪಡೆಯಲ್ಲಿದ್ದ ಬೋಳುತಲೆಯ ಕಡ್ಡಿ ಆಳು, ಒಟ್ಟು 796 ಟ್ರೈ. “ಮೈ ನೋಡಿದ್ದರೆ ನೀವು ಈ ವಾರ್ಡಿಗೇ ಸೇರಿಸಿಕೊಳ್ಳುತ್ತಿದ್ದಿರಿ” ಎನ್ನುತ್ತಿದ್ದರು.

ಬೋಸ್ಟನ್ ವಿಗನ್ ಕ್ಲಬ್ ಪರ ಆಡತೊಡಗಿದ್ದೂ ಅದೇ ಋತುವಿನಲ್ಲಿ. ಕಾರ್ಡಿಫ್ ಬಂದರಿನ ಕೇರಿಯ ಕಪ್ಪು ಹುಡುಗ, ಹತ್ತೊಂಬತ್ತರ ಪ್ರಾಯ. ಬೆರಳೆಣಿಕೆಯ ಪಂದ್ಯ ಆಡುವಷ್ಟರಲ್ಲಿ 1954ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಬ್ರಿಟನ್ ತಂಡದಲ್ಲಿ ಆಯ್ಕೆಯಾದ.

ತಿದ್ದುಪಡಿ ಹಾಕುವುದಾದರೆ ಆ ಚೌಕದಲ್ಲಿ 15 ತೆಗೆದು 13 ಮಾಡಿ. ಬೋಸ್ಟನ್ ಅವರ ಟ್ರೈಗಳು 571, ಅದನ್ನೂ ಸೇರಿಸಲು ಜಾಗ ಸಾಲುತ್ತದೆ.

– ನಿವೃತ್ತ ಮೂಳೆ ವೈದ್ಯ, ಮಾಳಮಡ್ಡಿ, ಧಾರವಾಡ