ಗಂಡನಿಗೂ ತಪಾಸಣೆಯಾಗಲಿ

ಮಾನ್ಯರೇ,

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದಿದ್ದರೆ ಕಲಬುರಗಿ ಜಿಲ್ಲೆಯ ಅನೇಕ ಮನೆಗಳಲ್ಲಿ ಇಂದಿಗೂ ಸೊಸೆಯನ್ನು ಆಸ್ಪತ್ರೆ, ಗುಡಿ, ದರ್ಗಾಗಳಿಗೆ ಅಲೆದಾಡಿಸುತ್ತಾರೆಯೇ ಹೊರತು ಮಗನ ತಪಾಸಣೆಯ ಮಾತೆತ್ತುವುದಿಲ್ಲ. ವಾಸ್ತವವಾಗಿ ಇಂತಹ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷರ ಕಡೆಯ ಕಾರಣವೂ ಇರುತ್ತದೆ. ತಂಬಾಕು, ಅತಿಯಾದ ಮದ್ಯಸೇವನೆ ಮತ್ತು ಬೊಜ್ಜು ವೀರ್ಯದ ಗುಣಮಟ್ಟವನ್ನು ಕುಗ್ಗಿಸುತ್ತವೆ. ಗುಟ್ಕಾ 2013ರಲ್ಲೇ ನಿಷೇಧವಾಗಿದ್ದರೂ, ಪಾನ್ ಮಸಾಲೆ ಮತ್ತು ತಂಬಾಕನ್ನು ಬೇರೆಬೇರೆ ಕೊಂಡು ಬೆರೆಸಿ ಜಗಿಯುವ ಚಟ ನಮ್ಮ ಭಾಗದಲ್ಲಿ ಯಾರಿಗೆ ತಿಳಿದಿಲ್ಲ? ವೀರ್ಯಾಣುಗಳ ಉತ್ಪಾದನೆಗೆ ದೇಹಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಉಷ್ಣತೆ ಬೇಕಾಗುವುದರಿಂದ, ಬಿಸಿಲು 40 ಡಿಗ್ರಿ ದಾಟುವ ಈ ಊರುಗಳಲ್ಲಿ ಭಟ್ಟಿ, ಒಲೆಗಳ ಮುಂದೆ ದಿನವಿಡೀ ದುಡಿಯುವವರು ಸಡಿಲವಾದ ಹತ್ತಿಬಟ್ಟೆ ತೊಟ್ಟು, ಆಗಾಗ ನೆರಳಿನಲ್ಲಿ ವಿಶ್ರಮಿಸುವುದು ಒಳಿತು. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಹಿಡಿಯುವ ಕಾರಣ, ಚಟ ಬಿಟ್ಟ ವಾರದಲ್ಲೇ ಫಲ ಕಾಣದೆಂದು ನಿರಾಶರಾಗಬೇಕಿಲ್ಲ.

ಆದ್ದರಿಂದ ಆರೋಗ್ಯ ಇಲಾಖೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ದಂಪತಿಯ ಮೊದಲ ಭೇಟಿಯಲ್ಲೇ ಗಂಡನಿಗೂ ವೀರ್ಯ ಪರೀಕ್ಷೆ ಸೂಚಿಸುವ ವ್ಯವಸ್ಥೆ ಮಾಡಬೇಕು ಮತ್ತು ತಂಬಾಕು ಬಿಡಲು ನೆರವಾಗುವ ಆಪ್ತಸಮಾಲೋಚನೆಯನ್ನು ಪುರುಷ ಸಿಬ್ಬಂದಿಯ ಮೂಲಕ ಅಲ್ಲಿಯೇ ಒದಗಿಸಬೇಕು.

— ಓದುಗ, ಕಲಬುರಗಿ