ಸತ್ತಿತು ಎಂದವನ ಹಾಡನ್ನು ಪೂರ್ತಿ ಕೇಳಿದ್ದೀಯಾ?

ಪ್ರಿಯ ಗೆಳೆಯಾ,

ಹಿಪ್‌ಹಾಪ್, ಅಂದರೆ ತಾಳಕ್ಕೆ ಮಾತು ಪೋಣಿಸುವ ಆ ರಾಪ್ ಸಂಗೀತ, ಮುಗಿಯಿತು, ಈಗ ಉಳಿದಿರುವುದು ಬರೀ ಸದ್ದು ಎಂದು ನೀನು ಬರೆದದ್ದನ್ನು ಓದಿ ಎರಡು ದಿನ ಮನಸ್ಸಿಗೆ ಕಸಿವಿಸಿಯಾಯಿತು. ಈ ಮಾತನ್ನು ನಿನಗಿಂತ ಮೊದಲು, ನಿನಗಿಂತ ಹೆಚ್ಚಿನ ಹಕ್ಕಿನಿಂದ ಹೇಳಿದವನೊಬ್ಬನಿದ್ದಾನೆ: ನ್ಯೂಯಾರ್ಕಿನ ರಾಪರ್ ನಾಸ್. ಅವನ ಆಲ್ಬಮ್ಮಿನ ಹೆಸರನ್ನಷ್ಟೇ ಎಲ್ಲರೂ ನೆನಪಿಟ್ಟುಕೊಂಡರು ಎಂಬುದು ನನ್ನ ಹಳೆಯ ಸಂಕಟ.

2006ರ ಡಿಸೆಂಬರಿನಲ್ಲಿ ಆ ಆಲ್ಬಮ್ ‘ಹಿಪ್ ಹಾಪ್ ಈಸ್ ಡೆಡ್’ (ಹಿಪ್‌ಹಾಪ್ ಸತ್ತಿದೆ) ಬಂದಾಗ ನಾಸ್‌ಗೆ 33 ವರ್ಷ. ಹಿಪ್‌ಹಾಪ್‌ಗೂ ಅಷ್ಟೇ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಪಾರ್ಟಿಯಿಂದ ಇದರ ಹುಟ್ಟನ್ನು ಎಣಿಸುತ್ತಾರಲ್ಲ, ಅದು 1973ರ ಆಗಸ್ಟ್ 11. ನಾಸ್ ಹುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರ್ 14ರಂದು. ಓರಗೆಯವನೊಬ್ಬ ಕಣ್ಣೆದುರೇ ಸೊರಗುತ್ತಿದ್ದಾನೆ ಎಂಬ ಕಳವಳ ಆ ದನಿಯಲ್ಲಿದೆ.

ಹರ್ಕ್ ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆಗಳನ್ನಿಟ್ಟುಕೊಂಡು ತಾಳದ ತುಣುಕನ್ನು ಮತ್ತೆ ಮತ್ತೆ ತಿರುಗಿಸಿ ಜನರನ್ನು ಕುಣಿಸುತ್ತಿದ್ದ. ಅವನ ನೆಚ್ಚಿನ ತುಣುಕುಗಳಲ್ಲೊಂದು ಇನ್‌ಕ್ರೆಡಿಬಲ್ ಬೊಂಗೊ ಬ್ಯಾಂಡ್‌ನದು. ನಾಸ್‌ನ ಶೀರ್ಷಿಕೆ ಗೀತೆ ನಿಂತಿರುವುದೂ ಅದೇ ಬ್ಯಾಂಡಿನ ಇನ್ನೊಂದು ಹಾಡಿನ ಮೇಲೆ. ಸತ್ತಿತು ಎನ್ನುವಾಗಲೂ ಅವನು ಕೈಗೆತ್ತಿಕೊಂಡದ್ದು ತವರಿನ ಮಣ್ಣನ್ನೇ.

ಆಲ್ಬಮ್ ಮೊದಲ ವಾರವೇ 3.5 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜಗಳವೂ ಆಯಿತು. ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾದ ಯಂಗ್ ಜೀಝಿಯಂಥ ರಾಪರ್‌ಗಳು ಇದು ದಕ್ಷಿಣದವರ ಮೇಲೆ ಹೊರಿಸಿದ ಆರೋಪ ಎಂದು ನೊಂದುಕೊಂಡರು. ಅವರ ನೋವು ನ್ಯಾಯವಾದದ್ದೇ. 1995ರಲ್ಲಿ ನ್ಯೂಯಾರ್ಕಿನ ಪ್ರಶಸ್ತಿ ಸಮಾರಂಭವೊಂದರಲ್ಲಿ ಅಟ್ಲಾಂಟಾದವರೇ ಆದ ಔಟ್‌ಕಾಸ್ಟ್ ರಾಪ್ ಜೋಡಿ ವೇದಿಕೆಗೆ ಬಂದಾಗ ಅಲ್ಲಿನ ಜನ ಕೂಗಿ ಅವಮಾನಿಸಿರಲಿಲ್ಲವೇ? ದಕ್ಷಿಣಕ್ಕೂ ಹೇಳುವುದಿದೆ ಎಂದು ಆ ಜೋಡಿಯ ಆಂಡ್ರೆ 3000 ಅಂದೇ ಉತ್ತರ ಕೊಟ್ಟಿದ್ದ. ನಮ್ಮೂರಿನ ಪದ್ಧತಿ ಸಡಿಲವಾಯಿತು ಎಂದರೆ ಕಲೆಯೇ ಸತ್ತಿತು ಎಂದಲ್ಲ. ನಿನಗೂ ಹೇಳಬೇಕಾದ ಮಾತಿದು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ ಆಲ್ಬಮ್ಮಿನ ‘ವೇರ್ ಆರ್ ದೇ ನೌ’ (ಅವರೆಲ್ಲ ಈಗೆಲ್ಲಿ) ಹಾಡು. ಅದರಲ್ಲಿ ನಾಸ್ ಮರೆತುಹೋದ ರಾಪರ್‌ಗಳ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾ ಹೋಗುತ್ತಾನೆ, ಮೇಷ್ಟ್ರು ಹಾಜರಿ ಕೂಗಿದ ಹಾಗೆ. ಒಂದು ಕಾಲಕ್ಕೆ ಊರೆಲ್ಲ ಗುನುಗಿದ ಹೆಸರುಗಳು, ಈಗ ಓಗೊಡುವವರಿಲ್ಲ. ಅಲ್ಲಿಗೇ ಬಿಡಲಿಲ್ಲ. ಹಳಬರಲ್ಲಿ ಹಲವರನ್ನು ಕರೆಸಿ ಅದೇ ಹಾಡಿನ ಬೇರೆ ಆವೃತ್ತಿಗಳನ್ನೂ ಮಾಡಿದ. ಅವರು ಬಂದು ತಮ್ಮ ತಮ್ಮ ಸಾಲು ಹೇಳಿದರು. ಹಾಜರಿಗೆ ಉತ್ತರ ಸಿಕ್ಕಿತು! ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಯಕ್ಷಗಾನ ಕೆಟ್ಟಿತು ಎಂದು ನಿನ್ನ ಅಪ್ಪ ಎಷ್ಟು ವರ್ಷ ಹೇಳುತ್ತಿದ್ದರು! ಆದರೂ ಮಳೆಗಾಲದಲ್ಲಿ ಎಲ್ಲಾದರೂ ತಾಳಮದ್ದಳೆ ಇದೆಯೆಂದರೆ ಕೊಡೆ ಹಿಡಿದು ಹೊರಡುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಮಾತಿನ ಬಲದಲ್ಲೇ ರಾತ್ರಿ ಬೆಳಗಾಗುತ್ತಿತ್ತು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತು, ಅರ್ಥಧಾರಿಗಳು ಎದುರಾಳಿಯ ಮಾತನ್ನು ಹಿಡಿದು ತಿರುಗಿಸಿ ಹೊಡೆಯುವಾಗ ತೊಡೆ ತಟ್ಟಿದ್ದು ನೆನಪಿದೆಯಾ? ರಾಪ್ ನನಗೆ ಅಷ್ಟು ಬೇಗ ಒಲಿದದ್ದು ಆ ರುಚಿಯಿಂದಲೇ ಇರಬೇಕು.

ಆಲ್ಬಮ್ಮಿನ ಕೊನೆಯ ಹಾಡು ‘ಹೋಪ್’. ಅದರಲ್ಲಿ ವಾದ್ಯಗಳಿಲ್ಲ. ಹಿಮ್ಮೇಳವೆಲ್ಲ ಎದ್ದು ಹೋದ ಮೇಲೆ ಉಳಿದ ಮನುಷ್ಯರ ದನಿ ಮಾತ್ರ. ಮೊನ್ನೆ ಕರೆಂಟ್ ಹೋಗಿದ್ದಾಗ ಕತ್ತಲಲ್ಲಿ ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು ಕೇಳಿದೆ. ಸಾಲು ಮತ್ತು ಸಾಲಿನ ನಡುವೆ ಅವನು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ.

ಮೊದಲು ಅದನ್ನೇ ಕೇಳು, ಆಮೇಲೆ ಉಳಿದವು. ಕೇಳಿದ ದಿನವೇ ಬರೆ.

ಇಂತಿ,
ನಿನ್ನ ಗೆಳೆಯ